ಎಳೆಯಲಾಗದ ಕಿವಿಗೆ ತೂತು ಬೇಡ: ಬಂಪರ್ ಕಟ್ಟುವವರಿಗೆ, ಕಟ್ಟಿಸಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಹಳೆಯ ಆಫ್‌ರೋಡ್ ವಾಹನಗಳಿಗೆ ಬಂಪರ್ ಕಟ್ಟಿಕೊಡುವ ವೆಲ್ಡಿಂಗ್ ಕೆಲಸಗಾರರಿಗೆ, ಕಟ್ಟಿಸಿಕೊಳ್ಳುವ ಮಾಲೀಕರಿಗೆ ಮತ್ತು ಅಂಥ ವಾಹನಗಳನ್ನು ತಪಾಸಣೆ ಮಾಡಿ ಸಹಿ ಹಾಕುವ ಅಧಿಕಾರಿಗಳಿಗೆ,

ವಿಷಯ: ಕೈಯಿಂದ ಕಟ್ಟಿದ ಬಂಪರ್‌ಗಳಲ್ಲಿ ಇಡುವ ಎಳೆಯುವ ಕಿವಿಗಳ, ಅಂದರೆ ಹೂತ ಗಾಡಿಯನ್ನು ಎಳೆಯುವ ಹಗ್ಗ ಸಿಕ್ಕಿಸಲು ಇಡುವ ತೂತಿನ ಉಕ್ಕಿನ ತುಂಡುಗಳ ಬಗ್ಗೆ.

ಮಾನ್ಯರೇ,

ನಾನು ಇಂಜಿನಿಯರ್ ಅಲ್ಲ, ವೃತ್ತಿಯಿಂದ ವೆಲ್ಡರನೂ ಅಲ್ಲ. ಲೀಫ್ ಸ್ಪ್ರಿಂಗಿನ, ಗಿಡ್ಡ ವೀಲ್‌ಬೇಸಿನ (ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ನಡುವಿನ ಅಂತರದ) ಒಂದು ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಯ ಮಾಲೀಕ. ಅದಕ್ಕೆ ಒಮ್ಮೆ ಬಂಪರ್ ಕಟ್ಟಿಸಿಕೊಂಡು ಕೆಟ್ಟು, ಆಮೇಲೆ ಗ್ರೈಂಡರ್ ಹಿಡಿಯುವುದನ್ನೂ ವೆಲ್ಡಿಂಗ್ ಮಾಡುವುದನ್ನೂ ಕಲಿತು, ಎರಡನೆಯದನ್ನು ನಾನೇ ಕಟ್ಟಿಕೊಂಡವನು. ಈ ಪತ್ರದಲ್ಲಿ ನಾನು ಕೇಳಿಕೊಳ್ಳುತ್ತಿರುವುದು ಒಂದೇ ಸಂಗತಿ. ಬಂಪರ್‌ನ ಮೇಲೆ ಹಗ್ಗ ಕಟ್ಟಲು ತಕ್ಕುದೆಂದು ಕಾಣುವ ಪ್ರತಿಯೊಂದು ಕಿವಿಯೂ ನಿಜವಾಗಿಯೂ ಗಾಡಿಯ ಎಳೆತವನ್ನು ತಾಳುವಂತಿರಬೇಕು. ಅಷ್ಟು ಗಟ್ಟಿಯಾಗಿ ಕಟ್ಟಲು ಆಗದಿದ್ದರೆ ಅದರಲ್ಲಿ ತೂತೇ ಇರಬಾರದು.

ಇಷ್ಟಕ್ಕೆ ಒಂದು ಬಹಿರಂಗ ಪತ್ರ ಬೇಕೇ ಎಂದು ಅನ್ನಿಸಬಹುದು. ಬಂಪರ್‌ನ ಉಳಿದ ತಪ್ಪುಗಳ ಫಲವನ್ನು ಬಹುಮಟ್ಟಿಗೆ ಮಾಲೀಕನೇ ಉಣ್ಣುತ್ತಾನೆ: ತೂಕ ಹೆಚ್ಚಾದರೆ ಅವನ ಸ್ಪ್ರಿಂಗು ಕೂರುತ್ತದೆ, ಬಣ್ಣ ಸರಿಯಾಗಿ ಹಿಡಿಯದಿದ್ದರೆ ಅವನ ಪ್ಲೇಟನ್ನು ತುಕ್ಕು ತಿನ್ನುತ್ತದೆ. ಕಿವಿಯ ವಿಷಯ ಹಾಗಲ್ಲ. ಗಾಡಿ ಕೆಸರಿನಲ್ಲಿ ಹೂತಾಗ ಹಗ್ಗ ಹಿಡಿದು ಬರುವವನು ಯಾರೋ ದಾರಿಹೋಕ. ಆ ಬಂಪರನ್ನು ಯಾರು ಕಟ್ಟಿದರು, ಕಿವಿಯ ಹಿಂದೆ ಏನಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ದಪ್ಪ ಪ್ಲೇಟು, ಅದರಲ್ಲೊಂದು ದುಂಡನೆಯ ತೂತು, ತೂತಿನಲ್ಲಿ ಕೆಂಪು ಬಣ್ಣದ ಶ್ಯಾಕಲ್ (ಹಗ್ಗ ಸಿಕ್ಕಿಸುವ, ಪಿನ್ನಿನಿಂದ ಮುಚ್ಚುವ ಉಕ್ಕಿನ ಕೊಂಡಿ) ಕಂಡರೆ ಅವನ ಮಟ್ಟಿಗೆ ಅದು ‘ಇಲ್ಲಿ ಕಟ್ಟು’ ಎಂದು ಬರೆದಂತೆಯೇ. ಆ ಬರಹ ಸುಳ್ಳಾದರೆ ಪೆಟ್ಟು ಬೀಳುವುದು ಎದುರಿನ ಗಾಡಿಯಲ್ಲಿ ಕೂತವನಿಗೆ, ಇಲ್ಲವೇ ಬದಿಯಲ್ಲಿ ನಿಂತು ನೋಡುತ್ತಿದ್ದವನಿಗೆ.

ನನ್ನ ಮೊದಲ ಬಂಪರ್ ಅಂಥ ಸುಳ್ಳನ್ನೇ ಹೇಳುತ್ತಿತ್ತು. 6 ಮಿ.ಮೀ. ಪ್ಲೇಟಿನಲ್ಲಿ, ಚಕ್ರದ ಮುಂದಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಕಂಡವರೆಲ್ಲ ಒಮ್ಮೆ ಬಡಿದು ನೋಡಿ ಮೆಚ್ಚುವಷ್ಟು ಚೆನ್ನಾಗಿ ಕಟ್ಟಿಕೊಟ್ಟಿದ್ದರು. ಮುಖದ ಮೇಲೆ 12 ಮಿ.ಮೀ. ಪ್ಲೇಟಿನ ಎರಡು ಕಿವಿಗಳಿದ್ದವು. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೊಂದು ಮಳೆಗಾಲದಲ್ಲಿ ನನ್ನ ಗಾಡಿ ಮುಂದಿನ ಚಕ್ರಗಳ ಅಚ್ಚಿನವರೆಗೆ ಹೂತುಕೊಂಡಿತು. ಎದುರಿನಿಂದ ಬಂದ ಗಾಡಿಯವರು ನಿಲ್ಲಿಸಿ, ಹಿಗ್ಗುವ ನೈಲಾನ್ ಹಗ್ಗವೊಂದನ್ನು ನನ್ನ ಎಡಗಡೆಯ ಕಿವಿಗೆ ಶ್ಯಾಕಲ್ ಹಾಕಿ ಕಟ್ಟಿದರು. ಮೊದಲ ಎಳೆತಕ್ಕೆ ಗಾಡಿ ಅಲುಗಿತು. ಎರಡನೆಯದಕ್ಕೆ ಟಪ್ಪೆಂದು ಒಂದೇ ಸದ್ದು ಬಂತು. ಕಿವಿಯೂ ಶ್ಯಾಕಲ್ಲೂ ಹಗ್ಗದ ಜೊತೆ ಹಾರಿಹೋಗಿ, ಎಳೆಯುತ್ತಿದ್ದ ಗಾಡಿಯ ಹಿಂಬಾಗಿಲಿನ ತಗಡನ್ನು ಹರಿದು ಒಳಗೆ ಸಿಕ್ಕಿಕೊಂಡವು. ಹಿಂದಿನ ಸೀಟು ಖಾಲಿ ಇತ್ತು.

ಮಾರನೆಯ ದಿನ ಆ ಕಿವಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ವೆಲ್ಡಿಂಗಿನ ಸಾಲು ಎಲ್ಲಿಯೂ ಬಿರುಕು ಬಿಡದೆ, ಇಡಿಯಾಗಿ ಕಿವಿಯ ಜೊತೆಗೇ ಕಿತ್ತು ಬಂದಿತ್ತು; ನಾಣ್ಯಗಳನ್ನು ಓರೆಯಾಗಿ ಜೋಡಿಸಿಟ್ಟಂತೆ ಅದು ಆಗಲೂ ಅಂದವಾಗಿಯೇ ಇತ್ತು. ಆದರೆ ಬಂಪರ್‌ನ ಮುಖದಲ್ಲಿ ಆ ಸಾಲು ಕೂತಿದ್ದ ಜಾಗದಲ್ಲಿ, ಬೆಸುಗೆಗೆ ಮೊದಲು ಗ್ರೈಂಡರ್ ಎಳೆದ ಗೀರುಗಳು ಒಂದೊಂದನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಉಳಿದಿದ್ದವು. ಕೆಳಗಿನ ಲೋಹ ಕರಗಿದ್ದರೆ ಗೀರುಗಳು ಉಳಿಯುತ್ತಿರಲಿಲ್ಲ. ಅಂದರೆ ಎರಡು ವರ್ಷ ಆ ಕಿವಿ ಬಂಪರ್‌ಗೆ ಬೆಸೆದುಕೊಂಡೇ ಇರಲಿಲ್ಲ, ಅಂಟಿಕೊಂಡಿತ್ತು ಅಷ್ಟೆ.

ವೆಲ್ಡಿಂಗ್ ಬಲ್ಲವರಿಗೆ ಇದರ ಕಾರಣವನ್ನು ನಾನು ಹೇಳಬೇಕಾಗಿಲ್ಲ, ಆದರೂ ಮಾಲೀಕರ ಸಲುವಾಗಿ ಹೇಳುತ್ತೇನೆ. ದಪ್ಪ ಪ್ಲೇಟು ಶಾಖವನ್ನು ಹೀರಿಕೊಂಡು ಸುತ್ತಲೂ ಹರಡಿಬಿಡುತ್ತದೆ. ತೆಳು ತಗಡಿಗೆ ಸಾಕಾಗುವ ಸಣ್ಣ ಮಿಗ್ ಮೆಷಿನ್ನಿನಲ್ಲಿ (ತಂತಿ ಕರಗಿಸಿ ಬೆಸೆಯುವ ಯಂತ್ರದಲ್ಲಿ), ತೆಳು ತಗಡಿಗೆ ಇಟ್ಟ ಕರೆಂಟಿನಲ್ಲೇ 12 ಮಿ.ಮೀ. ಪ್ಲೇಟಿಗೆ ಸಾಲು ಎಳೆದರೆ, ತಂತಿ ಕರಗುತ್ತದೆ, ಪ್ಲೇಟು ಕರಗುವುದಿಲ್ಲ. ಕಾರ್ಖಾನೆಯಿಂದ ಬಂದ ಪ್ಲೇಟಿನ ಮೇಲಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಇನ್ನೂ ಕೆಡುಕು. ಅಂಚನ್ನು ಓರೆಯಾಗಿ ಉಜ್ಜಿ ಕಣಿವೆ ಮಾಡಿಕೊಂಡು, ಪ್ಲೇಟನ್ನು ಮೊದಲೇ ಸ್ವಲ್ಪ ಬಿಸಿ ಮಾಡಿ, ಕರೆಂಟು ಏರಿಸಿ, ಒಂದರ ಮೇಲೊಂದರಂತೆ ಎರಡು ಮೂರು ಸಾಲು ತುಂಬಿಸಿದರೆ ಅದೇ ಕೆಲಸಗಾರರ ಕೈಯಲ್ಲಿ ಅದೇ ಕೀಲು ಬಿಡಿಸಲಾಗದಂತೆ ಕೂರುತ್ತದೆ. ಕೈ ಸರಿಯಿದೆಯೇ ಎಂಬುದನ್ನು ತಿಳಿಯುವ ದಾರಿಯೂ ಸುಲಭವೇ: ಅದೇ ದಪ್ಪದ ಎರಡು ಚೂರುಗಳನ್ನು ಅದೇ ಸೆಟ್ಟಿಂಗಿನಲ್ಲಿ ಬೆಸೆದು, ವೈಸಿನಲ್ಲಿ ಕಚ್ಚಿಸಿ, ದೊಡ್ಡ ಸುತ್ತಿಗೆಯಿಂದ ಮಡಚಿ ನೋಡುವುದು. ಕಿವಿಯನ್ನು ಬೆಸೆಯುವ ಮೊದಲು ಹತ್ತು ನಿಮಿಷದ ಈ ಕೆಲಸವನ್ನು ಮಾಡಿ ತೋರಿಸಿ ಎಂದು ಮಾಲೀಕ ಕೇಳಿದರೆ ಅದನ್ನು ಅವಮಾನವೆಂದು ದಯವಿಟ್ಟು ತಿಳಿಯಬೇಡಿ.

ಕಿವಿಯ ಮೇಲೆ ಬೀಳುವ ಬಲದ ಅಂದಾಜು ನಮ್ಮಲ್ಲಿ ಬಹಳ ಜನಕ್ಕೆ ಇಲ್ಲ, ನನಗೂ ಇರಲಿಲ್ಲ. ಹೂತ ವಾಹನಗಳನ್ನು ಎಳೆಯುವ ಬಗ್ಗೆ ಸೇನೆಯ ಕೈಪಿಡಿಗಳು ಹೇಳುವ ಒರಟು ಲೆಕ್ಕವೊಂದಿದೆ: ಚಕ್ರದ ಮಟ್ಟಕ್ಕೆ ಹೂತ ಗಾಡಿಯನ್ನು ಹೊರಗೆಳೆಯಲು ಅದರ ತೂಕದಷ್ಟು ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡು ಪಟ್ಟು, ಕ್ಯಾಬಿನ್ ಮಟ್ಟಕ್ಕೆ ಹೂತರೆ ಮೂರು ಪಟ್ಟು. ಎರಡು ಟನ್ ತೂಗುವ ಗಾಡಿಯಾದರೆ ಎರಡು, ನಾಲ್ಕು, ಆರು ಟನ್ ಎಂದಾಯಿತು. ಇದು ನಿಧಾನವಾಗಿ ಎಳೆಯುವ ಲೆಕ್ಕ. ಹಿಗ್ಗುವ ಹಗ್ಗ ಕಟ್ಟಿ ಓಡಿಬಂದು ಎಳೆಯುವುದು ಬೇರೆಯದೇ ವ್ಯವಹಾರ. ಎರಡು ಟನ್ ಗಾಡಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೊರಟರೆ ಅದರ ಚಲನೆಯಲ್ಲಿ ಸುಮಾರು 17,000 ಜೂಲ್ ಶಕ್ತಿ ಇರುತ್ತದೆ, ಅದರ ಬಹುಪಾಲು ಹಗ್ಗದೊಳಗೆ ಸೇರುತ್ತದೆ. ಆ ಕ್ಷಣದಲ್ಲಿ ಕಿವಿ ಕಿತ್ತುಬಂದು, ಆ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ ಎರಡು ಕೆ.ಜಿ. ಉಕ್ಕಿನ ತುಂಡಿಗೆ ಸಿಕ್ಕಿತೆಂದುಕೊಳ್ಳಿ. ಅದು ಗಂಟೆಗೆ 150 ಕಿ.ಮೀ. ವೇಗದಲ್ಲಿ ಹಾರುತ್ತದೆ. ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ (ಟೋ ಬಾಲ್) ಎಳೆಯುವ ಹಗ್ಗ ಹಾಕಬಾರದು ಎಂದು ತಿಳಿದವರು ಪದೇ ಪದೇ ಎಚ್ಚರಿಸುವುದು ಇದೇ ಕಾರಣಕ್ಕೆ. ಹಾಗೆ ಕಿತ್ತು ಹಾರಿದ ಗುಂಡುಗಳಿಂದ ಜನ ಸತ್ತಿದ್ದಾರೆ. ಮೇಲೆ ಅಂಟಿಸಿದ ಕಿವಿ ಆ ಗುಂಡಿಗಿಂತಲೂ ಕಡೆ, ಏಕೆಂದರೆ ಗುಂಡು ಎಳೆಯುವ ಕೊಂಡಿಯಂತೆ ಕಾಣುವುದಿಲ್ಲ, ಕಿವಿ ಕಾಣುತ್ತದೆ.

ಹಾಗಾದರೆ ಕಿವಿ ಹೇಗಿರಬೇಕು? ಬಂಪರ್‌ನ ಮುಖದ ಪ್ಲೇಟು ಗಾಡಿಗೆ ತೊಡಿಸಿದ ಅಂಗಿ ಮಾತ್ರ. ಅಂಗಿಯ ಗುಂಡಿ ಹಿಡಿದು ಯಾರೂ ಮನುಷ್ಯನನ್ನು ಬಾವಿಯಿಂದ ಎತ್ತುವುದಿಲ್ಲ. ಮುಖದ ಪ್ಲೇಟಿನಲ್ಲಿ ಸೀಳು ಕೊರೆದು, ಕಿವಿಯ ಪ್ಲೇಟು ಅದರ ಮೂಲಕ ಹಿಂದಕ್ಕೆ ಹಾದು, ಚಾಸಿಯ ಉದ್ದದ ತೊಲೆಯ ಪಕ್ಕಕ್ಕೆ ಬೋಲ್ಟ್ ಆಗುವ ಬ್ರಾಕೆಟ್ಟಿನಲ್ಲೇ ಕೊನೆಗೊಳ್ಳಬೇಕು. ಸಾಧ್ಯವಾದರೆ ಕಿವಿಯೂ ಬ್ರಾಕೆಟ್ಟೂ ಒಂದೇ ಪ್ಲೇಟಿನ ತುಂಡಾಗಿರಬೇಕು. ಆಗ ಶ್ಯಾಕಲ್‌ನಿಂದ ಹೊರಟ ಬಲ ಕಿವಿ, ಬ್ರಾಕೆಟ್ಟು, ಬೋಲ್ಟು, ತೊಲೆ ಎಂದು ನೇರವಾದ ಒಂದೇ ದಾರಿಯಲ್ಲಿ ಹೋಗುತ್ತದೆ. ಬೋಲ್ಟುಗಳ ಮೇಲೆ ಬೀಳುವುದು ಅವನ್ನು ಅಡ್ಡಕ್ಕೆ ಕತ್ತರಿಸಲು ನೋಡುವ ಬಲವೇ ಹೊರತು ಉದ್ದಕ್ಕೆ ಕೀಳುವ ಬಲವಲ್ಲ. ನಡುವಿನ ಬೆಸುಗೆ ಕೆಟ್ಟರೂ ಕಿವಿ ಸೀಳಿನೊಳಗೆ ಸಿಕ್ಕಿಕೊಂಡಿರುತ್ತದೆ, ಹಾರುವುದಿಲ್ಲ. ತೂತಿನ ಅಂಚಿನಿಂದ ಕಿವಿಯ ಅಂಚಿನವರೆಗೆ ಕನಿಷ್ಠ ತೂತಿನ ವ್ಯಾಸದಷ್ಟಾದರೂ ಉಕ್ಕು ಇರಲಿ. ತೂತಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದರೆ ಮೆತ್ತನೆಯ ಹಗ್ಗದ ಕುಣಿಕೆಯೂ ಉಳಿಯುತ್ತದೆ. ಶ್ಯಾಕಲ್ಲಿಗೆ ಸಂಬಂಧಿಸಿದಂತೆ ಒಂದೇ ಮಾತು: ಮುಕ್ಕಾಲು ಇಂಚಿನ ಸರಿಯಾದ ಬಿಲ್ಲು ಶ್ಯಾಕಲ್ಲಿನ ಮೈಮೇಲೆ 4.75 ಟನ್ ಎಂದು ಅಚ್ಚು ಮೂಡಿರುತ್ತದೆ. ಅಂಥ ಅಂಕಿಯೇ ಇಲ್ಲದ ಶ್ಯಾಕಲ್ ಬರೀ ಒಡವೆ.

ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ನಮ್ಮಲ್ಲಿ ಎಷ್ಟು ಮಾಲೀಕರು ಓದುತ್ತಾರೋ ಗೊತ್ತಿಲ್ಲ. 8.8 ಎಂದಿದ್ದರೆ ಅದರ ಎಳೆತದ ಬಲ ಚದರ ಮಿಲಿಮೀಟರಿಗೆ 800 ನ್ಯೂಟನ್, ಅದರ ಶೇ. 80ರಷ್ಟಕ್ಕೆ ಅಂದರೆ 640ಕ್ಕೆ ಬೋಲ್ಟು ಮರಳಿ ಕುಗ್ಗದಂತೆ ಹಿಗ್ಗತೊಡಗುತ್ತದೆ ಎಂದು ಅರ್ಥ. 4.6 ಎಂದಿದ್ದರೆ ಈ ಅಂಕಿಗಳು 400 ಮತ್ತು 240. ನೋಡಲು ಎರಡೂ ಒಂದೇ ಬೋಲ್ಟು. ಏನೂ ಬರೆಯದ ಬೋಲ್ಟುಗಳನ್ನು ನಾನಂತೂ ನಂಬರ್ ಪ್ಲೇಟಿಗೆ ಮಾತ್ರ ಬಳಸುತ್ತೇನೆ.

ಆದರೆ ಹಳೆಯ ಗಾಡಿಗಳಲ್ಲಿ ಮೊದಲು ಸೋಲುವುದು ಬಹುತೇಕ ಬೋಲ್ಟಲ್ಲ, ಅದು ಕೂರುವ ತೊಲೆ. ಈ ಗಾಡಿಗಳ ಪೆಟ್ಟಿಗೆ ಆಕಾರದ ಚಾಸಿಯ ಗೋಡೆ ಕೆಲವೇ ಮಿಲಿಮೀಟರು ದಪ್ಪ. ಅದರ ಎರಡು ಗೋಡೆಗಳನ್ನೂ ಹಾದುಹೋಗುವಂತೆ ಉದ್ದ ಬೋಲ್ಟು ಹಾಕಿ ಬಿಗಿದರೆ ಗೋಡೆಗಳು ಒಳಕ್ಕೆ ಕುಸಿಯುತ್ತವೆ, ಇಂದು ಬಿಗಿಯಾಗಿದ್ದ ನಟ್ಟು ಮುಂದಿನ ವಾರಕ್ಕೆ ಸಡಿಲವಾಗಿರುತ್ತದೆ. ತೂತನ್ನು ಅಗಲಿಸಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ದಪ್ಪ ಕೊಳವೆಯ ತುಂಡೊಂದನ್ನು ಕೂರಿಸಿ ಎರಡೂ ಬದಿ ಬೆಸೆದು, ಬೋಲ್ಟು ಅದರೊಳಗೆ ಹಾದುಹೋಗುವಂತೆ ಮಾಡಿದರೆ ಎಷ್ಟು ಬಿಗಿದರೂ ಗೋಡೆ ಅಲುಗುವುದಿಲ್ಲ. ಇದು ಅರ್ಧ ದಿನದ ಕೆಲಸ, ಮತ್ತು ಬಂಪರ್ ಕೂರಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ. ಬಹುಶಃ ಅದಕ್ಕೇ ಇದನ್ನು ಬಿಟ್ಟುಬಿಡುವುದು ವಾಡಿಕೆಯಾಗಿದೆ.

ಕಣ್ಣಿಗೆ ಬೀಳದ ಇನ್ನೊಂದು ಪಾಪವೂ ಇದೆ. ಬಂಪರನ್ನು ಗಾಡಿಯ ಮೇಲೆಯೇ ಇಟ್ಟು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಹಾಕಿ, ಆಮೇಲೆ ಕೆಳಗಿಳಿಸಿ ಪೂರ್ತಿ ಬೆಸೆದಾಗ, ಬಿಸಿಗೆ ಹಿಗ್ಗಿದ ಉಕ್ಕು ಆರುತ್ತ ತನ್ನತ್ತ ಎಳೆದುಕೊಳ್ಳುತ್ತದೆ. ಸಂಜೆ ತಿರುಗಿ ಕೂರಿಸಲು ಹೋದರೆ ಬ್ರಾಕೆಟ್ಟಿನ ತೂತಿಗೂ ಚಾಸಿಯ ತೂತಿಗೂ ಐದಾರು ಮಿಲಿಮೀಟರು ವ್ಯತ್ಯಾಸ ಬಂದಿರುತ್ತದೆ. ಮಾಲೀಕ ಪಕ್ಕದಲ್ಲೇ ಕಾಯುತ್ತಿರುತ್ತಾನೆ. ಆಗ ಗ್ಯಾಸ್ ಕಟರಿನಿಂದ ತೂತನ್ನು ಮೊಟ್ಟೆಯಾಕಾರಕ್ಕೆ ಸುಟ್ಟು ಅಗಲಿಸಿ, ಮೇಲೊಂದು ದೊಡ್ಡ ವಾಷರ್ ಮುಚ್ಚಿ ಬಿಗಿದುಬಿಡುವುದು ಸುಲಭದ ದಾರಿ. ನನ್ನ ಮೊದಲ ಬಂಪರನ್ನು ಬಿಚ್ಚಿದಾಗ ನಾಲ್ಕು ವಾಷರುಗಳ ಕೆಳಗೂ ಅಂಥ ತೂತುಗಳೇ ಇದ್ದವು, ಅಂಚಿನಲ್ಲಿ ಉಕ್ಕಿನ ಕರಗಿದ ಹನಿಗಳು ಆರಿ ಮುತ್ತಿನಂತೆ ನಿಂತಿದ್ದವು. ಬ್ರಾಕೆಟ್ಟುಗಳನ್ನು ಮೊದಲು ಚಾಸಿಗೆ ಬಿಗಿದು, ಅವೆರಡರ ನಡುವೆ ಗಟ್ಟಿ ಕೊಳವೆಯೊಂದನ್ನು ತಾತ್ಕಾಲಿಕವಾಗಿ ಅಡ್ಡ ಬೆಸೆದು ಅಂತರ ಕದಲದಂತೆ ಮಾಡಿಕೊಂಡು, ಎಡಕ್ಕೊಂದು ಬಲಕ್ಕೊಂದು ಗೇಣುದ್ದದ ಬೆಸುಗೆಯ ಸಾಲು ಎಳೆದುಕೊಂಡು ಹೋದರೆ ಈ ಸಂಕಟವೇ ಬರುವುದಿಲ್ಲ.

ತುಕ್ಕಿನ ಮಾತಿಗೆ ಬರುತ್ತೇನೆ. ಪೆಟ್ಟಿಗೆ ಚಾಸಿ ಒಳಗಿನಿಂದ ಹೊರಕ್ಕೆ ಸಾಯುತ್ತದೆ. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಗೋಡೆ ಕಾಗದದಷ್ಟಾಗಿರಬಹುದು. ಬಂಪರ್‌ನ ಅಳತೆ ತೆಗೆಯುವ ಮೊದಲು, ತೊಲೆಯ ಮುಂದಿನ ತುದಿಗಳನ್ನು, ಸ್ಪ್ರಿಂಗಿನ ಕೊಂಡಿ ಮತ್ತು ಸ್ಟಿಯರಿಂಗ್ ಬಾಕ್ಸ್ ಕೂರುವ ಸುತ್ತಲಿನ ಜಾಗವನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ತಿಂದ ಉಕ್ಕು ಮಡಕೆಯಂತೆ ಮಂಕಾಗಿ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅದು ಒಳಗೆ ಇಳಿದರೆ, ದಯವಿಟ್ಟು ಆ ದಿನ ಬಂಪರ್ ಕೆಲಸ ಹಿಡಿಯಬೇಡಿ. ಚಾಸಿಯ ಕೆಲಸ ಮೊದಲು. ಇನ್ನು 1977ರ ಲಾಡಾ ನೀವಾ, 1984ರಿಂದ ಬಂದ ಚದರಾಕಾರದ ಜೀಪ್ ಚೆರೋಕಿ ಇಂಥವುಗಳಿಗೆ ಪ್ರತ್ಯೇಕ ಚಾಸಿಯೇ ಇಲ್ಲ, ಬಾಡಿಯ ತಗಡನ್ನೇ ಮಡಚಿ ತೊಲೆ ಮಾಡಿರುತ್ತಾರೆ. ಅಲ್ಲಿ ನಾಲ್ಕು ಬೋಲ್ಟಿನ ಮೇಲೆ ಕಿವಿ ನಿಲ್ಲಿಸುವುದೆಂದರೆ ತಗಡನ್ನು ಹರಿಯಲು ಗುರುತು ಹಾಕಿಕೊಟ್ಟಂತೆ. ತೊಲೆಯ ಉದ್ದಕ್ಕೂ ಹಿಂದಕ್ಕೆ ಚಾಚುವ ಬಲವರ್ಧಕ ಪ್ಲೇಟುಗಳನ್ನು ಕೂರಿಸಿ, ಬಲವನ್ನು ಹರಡಿದ ಮೇಲಷ್ಟೇ ಮುಂದಿನ ಮಾತು.

ಇಷ್ಟೆಲ್ಲ ಹೇಳಿದಾಗ ಮಾಲೀಕರಾದ ನಾವು ಕೊಡುವ ಸಿದ್ಧ ಉತ್ತರ ಒಂದೇ: ‘ಇನ್ನೂ ದಪ್ಪ ಪ್ಲೇಟು ಹಾಕಿ.’ ವೆಲ್ಡರುಗಳನ್ನು ದೂರುವ ಮೊದಲು ಈ ಚಟವನ್ನು ನಾವು ಒಪ್ಪಿಕೊಳ್ಳಬೇಕು. 6 ಮಿ.ಮೀ. ಉಕ್ಕಿನ ಪ್ಲೇಟು ಒಂದು ಚದರ ಮೀಟರಿಗೆ 47 ಕೆ.ಜಿ. ತೂಗುತ್ತದೆ, 3 ಮಿ.ಮೀ. ಪ್ಲೇಟು ಅದರ ಅರ್ಧ. ಗಟ್ಟಿತನ ಬರುವುದು ದಪ್ಪದಿಂದಲ್ಲ, ಮಡಿಕೆಯಿಂದ. 200 ಮಿ.ಮೀ. ಅಗಲದ 6 ಮಿ.ಮೀ. ಚಪ್ಪಟೆ ಪಟ್ಟಿಯೊಂದನ್ನೂ, ಅಷ್ಟೇ ಅಗಲದ 3 ಮಿ.ಮೀ. ಪ್ಲೇಟಿನ ಎರಡೂ ಅಂಚುಗಳನ್ನು 40 ಮಿ.ಮೀ. ಹಿಂದಕ್ಕೆ ಮಡಚಿದ್ದನ್ನೂ ಹೋಲಿಸಿ ಲೆಕ್ಕ ಹಾಕಿ ನೋಡಿದೆ: ಮಡಚಿದ್ದು ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟು ಕಡಿಮೆ, ಎದುರಿನಿಂದ ಒತ್ತಿದರೆ ಬಾಗದಿರುವುದರಲ್ಲಿ ಸುಮಾರು ಇಪ್ಪತ್ತೈದು ಪಟ್ಟು ಹೆಚ್ಚು. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನ ಮುಂದಿನ ಬಂಪರ್ ಸಹ ಮಡಚಿದ ಒಂದು ಸಾದಾ ಚಾನೆಲ್ಲೇ ಆಗಿತ್ತು. ಉಳಿಸಿದ ತೂಕದಲ್ಲಿ ಒಂದು ಭಾಗವನ್ನು ಕಿವಿಗೂ ಬ್ರಾಕೆಟ್ಟಿಗೂ ಕೊಟ್ಟರೆ ಅದು ಸಾರ್ಥಕ.

ಮುಂದೆ ಚಾಚಿಕೊಂಡ ತೂಕ ತಕ್ಕಡಿಯಲ್ಲಿ ತೋರುವುದಕ್ಕಿಂತ ಹೆಚ್ಚಾಗಿ ಕಾಡುತ್ತದೆ. ಹಳೆಯ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40ರ ವೀಲ್‌ಬೇಸ್ 2,285 ಮಿ.ಮೀ. ಅದರ ಮುಂದಿನ ಆ್ಯಕ್ಸಲ್‌ಗಿಂತ 750 ಮಿ.ಮೀ. ಮುಂದೆ, ವಿಂಚ್ (ಹಗ್ಗ ಸುತ್ತಿಕೊಂಡು ಎಳೆಯುವ ಯಂತ್ರ) ಸೇರಿ 95 ಕೆ.ಜಿ. ತೂಗುವ ಬಂಪರ್ ನೇತುಹಾಕಿದರೆ, ಮುಂದಿನ ಆ್ಯಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 126 ಕೆ.ಜಿ.; ಹಿಂದಿನ ಆ್ಯಕ್ಸಲ್ಲಿನಿಂದ 31 ಕೆ.ಜಿ. ಎದ್ದುಹೋಗುತ್ತದೆ, ಸನ್ನೆಗೋಲಿನ ಆ ತುದಿ ಮೇಲೇಳುವಂತೆ. ಮುಂದಿನ ಸ್ಪ್ರಿಂಗು ಕೂರುತ್ತದೆ, ಹೆಡ್‌ಲೈಟು ನೆಲ ನೋಡುತ್ತದೆ, ಹಗುರಾದ ಹಿಂದಿನ ಚಕ್ರಗಳು ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದೊಡನೆ ಜಾರತೊಡಗುತ್ತವೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಗಾಡಿಗಳ ಮಾಲೀಕರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಹಿಂದಿನ ಬಂಪರ್‌ಗೆ ಸ್ಟೆಪ್ನಿಯ ತೋಳು, ಡೀಸೆಲ್ ಕ್ಯಾನು ಎಂದು ಏರಿಸುತ್ತ ಹೋದರೂ ಇದೇ ಲೆಕ್ಕ ತಲೆಕೆಳಗಾಗಿ ನಡೆಯುತ್ತದೆ.

ವಿಂಚ್ ಕೂರಿಸುವವರು ಇನ್ನೊಂದು ಲೆಕ್ಕವನ್ನೂ ನೆನಪಿಡಬೇಕು. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯಬಲ್ಲ ವಿಂಚ್ ಬೇಕು ಎಂಬುದು ಎಲ್ಲರಿಗೂ ಗೊತ್ತು. ಆ ಅಂಕಿ ಡ್ರಮ್ಮಿನ ಮೊದಲ ಸುತ್ತಿಗೆ ಮಾತ್ರ ಅನ್ವಯಿಸುತ್ತದೆ, ಹಗ್ಗ ಸುತ್ತಿಕೊಳ್ಳುತ್ತ ಹೋದಂತೆ ಎಳೆತ ಇಳಿಯುತ್ತದೆ ಎಂಬುದೂ ಹಲವರಿಗೆ ಗೊತ್ತು. ಆದರೆ ಹಗ್ಗವನ್ನು ಮರದ ಬುಡದ ರಾಟೆಯ ಮೂಲಕ ತಿರುಗಿಸಿ ತಂದು ನಮ್ಮದೇ ಬಂಪರ್‌ನ ಕಿವಿಗೆ ಸಿಕ್ಕಿಸಿದಾಗ ಎಳೆತ ಇಮ್ಮಡಿಯಾಗುತ್ತದೆ, ಆ ಇಮ್ಮಡಿಯೆಲ್ಲ ಬಂಪರ್ ಚಾಸಿಗೆ ಕೂತ ಬೋಲ್ಟುಗಳ ಮೂಲಕವೇ ಹೋಗಬೇಕು ಎಂಬುದು ಕಟ್ಟುವಾಗ ಮರೆತುಹೋಗುತ್ತದೆ. ನಾಲ್ಕು ಟನ್ ವಿಂಚ್ ಇರುವ ಬಂಪರ್‌ನ ಬ್ರಾಕೆಟ್ಟುಗಳು ಎಂಟು ಟನ್ ಕಾಣುತ್ತವೆ. ಅರ್ಧದಷ್ಟು ಅಂದರೆ ನಾಲ್ಕು ಟನ್ ಆ ಒಂಟಿ ಕಿವಿಯ ಪಾಲು.

ಪಾದಚಾರಿಗಳ ಮಾತನ್ನು ಚಿಕ್ಕದಾಗಿ ಹೇಳಿದರೂ ಹೇಳದೆ ಬಿಡಲಾರೆ. ಕಾರುಗಳ ಹೊರಚಾಚುಗಳ ಬಗ್ಗೆ ಇರುವ ವಿಶ್ವಸಂಸ್ಥೆಯ 26ನೇ ನಿಯಮ, ಹೊರಮೈಯ ಗಟ್ಟಿ ಅಂಚುಗಳು ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು ಎನ್ನುತ್ತದೆ. ಮುಂಭಾಗದ ರಕ್ಷಣಾ ಕಂಬಿಗಳ ಬಗ್ಗೆ 2005ರಲ್ಲಿ ಯುರೋಪಿಯನ್ ಒಕ್ಕೂಟ ಪ್ರತ್ಯೇಕ ನಿರ್ದೇಶನವನ್ನೇ ತಂದಿತು. ಗ್ಯಾಸ್ ಕಟರ್ ಬಿಟ್ಟ ಅಂಚನ್ನು ಹಾಗೇ ಬಣ್ಣ ಬಳಿದು ಕೊಡುವ ಬಂಪರ್, ಮಗುವಿನ ತಲೆಯ ಎತ್ತರದಲ್ಲಿ ಹಿಡಿದ ಕುಡುಗೋಲು. ಅಂಚು ಉಜ್ಜಲು ಒಂದು ಗಂಟೆ ಸಾಕು. ಬಂಪರ್‌ಗಿಂತ ಮುಂದೆ ಚಾಚುವ ಕಿವಿಯ ತುದಿಯನ್ನಂತೂ ಮೊದಲು ದುಂಡಗೆ ಮಾಡಬೇಕು.

ಕೆಲಸಗಾರರ ಜೀವಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನೂ ಇಲ್ಲೇ ಸೇರಿಸುತ್ತೇನೆ. ಹಳೆಯ ಗಾಡಿಗಳ ಮೂಲ ಬಂಪರ್‌ಗಳಿಗೂ ಬ್ರಾಕೆಟ್ಟುಗಳಿಗೂ ಅನೇಕ ಕಡೆ ಸತುವಿನ ಲೇಪವಿರುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಬಿಳಿ ಹೊಗೆಯಾಗುತ್ತದೆ, ಉಕ್ಕು ಕರಗುವುದು ಅದಕ್ಕಿಂತ ಬಹಳ ಮೇಲೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡಿ. ಎಣ್ಣೆ ತೆಗೆಯಲೆಂದು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗದಲ್ಲಿ ಮಾತ್ರ ಎಂದೂ ಆರ್ಕ್ ಹೊಡೆಯಬೇಡಿ; ಅದರಿಂದ ಹುಟ್ಟುವುದು ಫಾಸ್ಜೀನ್, ಯುದ್ಧದಲ್ಲಿ ಬಳಸಿದ ವಿಷಾನಿಲ.

ಈಗ ತಪಾಸಣೆಯ ಅಧಿಕಾರಿಗಳಲ್ಲಿ ನನ್ನ ಬಿನ್ನಹ. ಮಾರ್ಪಾಡಾದ ಗಾಡಿ ತಮ್ಮ ಮುಂದೆ ಬಂದು ನಿಂತಾಗ ಬಂಪರ್‌ನ ಅಗಲವನ್ನೂ ಅದು ಮುಂದಕ್ಕೆ ಚಾಚಿದ ಉದ್ದವನ್ನೂ ಟೇಪು ಹಿಡಿದು ಅಳೆಯುತ್ತೀರಿ, ದೀಪ ಮುಚ್ಚಿದೆಯೇ ಎಂದು ನೋಡುತ್ತೀರಿ, ಅದು ಸರಿಯೇ. ಅದರ ಜೊತೆಗೆ ದಯವಿಟ್ಟು ಒಮ್ಮೆ ಬಗ್ಗಿ, ಟಾರ್ಚು ಹಿಡಿದು ಬಂಪರ್‌ನ ಹಿಂಬದಿಯನ್ನು ನೋಡಿ. ಕಿವಿ ಮುಖದ ಪ್ಲೇಟನ್ನು ಹಾದು ಹಿಂದಕ್ಕೆ ಬಂದಿದೆಯೇ, ಬ್ರಾಕೆಟ್ಟಿನ ಬೋಲ್ಟಿನ ತಲೆಯಲ್ಲಿ ಅಂಕಿ ಇದೆಯೇ, ವಾಷರ್ ಯಾವುದಾದರೂ ತೂತನ್ನು ಅಡಗಿಸಿಕೊಂಡಿದೆಯೇ ಎಂಬುದು ಎರಡು ನಿಮಿಷದಲ್ಲಿ ಕಾಣುತ್ತದೆ. ಕೈಯಿಂದ ಕಟ್ಟಿದ ಬಂಪರ್‌ಗಳೆಲ್ಲವನ್ನೂ ಒಟ್ಟಾಗಿ ನಿಷೇಧಿಸಿದರೆ ಕೆಲಸ ಕತ್ತಲೆಗೆ ಸರಿಯುತ್ತದೆಯೇ ಹೊರತು ನಿಲ್ಲುವುದಿಲ್ಲ. ಈ ಹಳೆಯ ಗಾಡಿಗಳಿಗೆ ಕಾರ್ಖಾನೆಯ ಬಂಪರ್ ಈಗ ಸಿಗುವುದೂ ಕಷ್ಟ. ಅದಕ್ಕಿಂತ, ಪ್ರತಿಯೊಂದು ಬಂಪರ್‌ನ ಹಿಂಬದಿಯಲ್ಲಿ ಕಟ್ಟಿದವರ ಗುರುತು, ಕಟ್ಟಿದ ವರ್ಷ, ತೂಕ, ಮತ್ತು ಪ್ರತಿ ಕಿವಿಯ ಪಕ್ಕದಲ್ಲಿ ಅದು ಎಷ್ಟು ಟನ್ ಎಳೆತಕ್ಕೆ ಎಂಬ ಅಂಕಿ, ಇವಿಷ್ಟನ್ನು ಅಳಿಸಲಾಗದಂತೆ ಗುದ್ದಿರಬೇಕು ಎಂಬ ನಿಯಮ ತನ್ನಿ. ಅಂಕಿ ಗುದ್ದಲು ಧೈರ್ಯವಿಲ್ಲದ ಕೆಲಸಗಾರ ಆ ಕಿವಿಯಲ್ಲಿ ತೂತು ಕೊರೆಯುವುದಿಲ್ಲ. ನಾನು ಕೇಳುತ್ತಿರುವುದೂ ಅಷ್ಟನ್ನೇ.

ವೆಲ್ಡಿಂಗ್ ಕೆಲಸಗಾರರೇ, ಚೆಂದಕ್ಕೆ ಕಿವಿ ಬೇಕು ಎಂದು ಗಿರಾಕಿ ಹಟ ಹಿಡಿದರೆ, ತೂತಿನ ಜಾಗದಲ್ಲಿ ದುಂಡನೆಯ ಗುರುತು ಮಾತ್ರ ಕೆತ್ತಿಕೊಡಿ, ಇಲ್ಲವೇ ಶ್ಯಾಕಲ್ಲಿನ ಪಿನ್ನು ಹೋಗದಷ್ಟು ಚಿಕ್ಕ ತೂತು ಮಾಡಿ. ಅವನು ಬೈದುಕೊಂಡು ಬೇರೆ ಅಂಗಡಿಗೆ ಹೋಗಬಹುದು, ಆ ನಷ್ಟ ನಿಮ್ಮದೆಂದು ನನಗೆ ಗೊತ್ತು. ಮಾಲೀಕರೇ, ನೀವು ದಪ್ಪ ಪ್ಲೇಟಿಗೆ ಕೊಡಲು ಸಿದ್ಧವಿರುವ ಹಣವನ್ನು ಕಾಣದ ಬ್ರಾಕೆಟ್ಟಿಗೆ, ಕೊಳವೆಯ ತುಂಡಿಗೆ, ಅಂಕಿಯಿರುವ ಬೋಲ್ಟಿಗೆ ಕೊಟ್ಟರೆ ಆ ಕೆಲಸಗಾರ ಅಂಥ ಗಿರಾಕಿಯನ್ನು ಕಳೆದುಕೊಳ್ಳುವ ಧೈರ್ಯ ಮಾಡಬಲ್ಲ.

ನನ್ನ ಎರಡನೆಯ ಬಂಪರ್ 3 ಮಿ.ಮೀ. ಮಡಚಿದ ಪ್ಲೇಟಿನದು, ಹಿಂಬದಿಯಲ್ಲಿ 41 ಕೆ.ಜಿ. ಎಂದು ಗುದ್ದಿದ್ದೇನೆ. ಅದನ್ನು ಕೂರಿಸಿದ ದಿನ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬಂಪರ್‌ನಲ್ಲಿ ಉಳಿದಿದ್ದ ಬಲಗಡೆಯ ಕಿವಿಯನ್ನು ನೆಲಕ್ಕಾನಿಸಿ ಸುತ್ತಿಗೆಯಿಂದ ಹೊಡೆದೆ. ಐದನೆಯ ಪೆಟ್ಟಿಗೆ ಬಿತ್ತು. ಅದರ ಕೆಳಗೂ ಗೀರುಗಳು ಹಾಗೆಯೇ ಇದ್ದವು. ಅದೇ ಕಿವಿಗೆ ಶ್ಯಾಕಲ್ ಹಾಕಿ ಆ ಎರಡು ವರ್ಷಗಳಲ್ಲಿ ನಾನು ಎಷ್ಟು ಜನರ ಗಾಡಿಗಳನ್ನು ಎಳೆದಿದ್ದೆನೋ ಲೆಕ್ಕವಿಟ್ಟಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಗಾಡಿಯೊಂದರ ಮಾಲೀಕ